ಸಣ್ಣ ಕಲ್ಲೇ ಜಾರುವುದು: ಕೀಹೋಲ್ ಪಿತ್ತಕೋಶ ಸರ್ಜರಿಯಲ್ಲಿ ಚಿಕ್ಕ ಕಲ್ಲುಗಳನ್ನು ನಿಭಾಯಿಸುವ ಬಗೆ

ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಹಲವು ಸಣ್ಣ ಕಲ್ಲುಗಳು, 2ರಿಂದ 4 ಮಿ.ಮೀ.’ ಅಂತ ಇದ್ದರೆ ರೋಗಿಗೆ ಸಮಾಧಾನ. ಪಕ್ಕದ ಬೆಡ್ಡಿನವರಿಗೆ 22 ಮಿ.ಮೀ. ಕಲ್ಲಿದೆಯಂತೆ, ನನ್ನದು ಚಿಕ್ಕದು ತಾನೇ ಅಂತ. ಹೊಸದಾಗಿ ಲ್ಯಾಪರೋಸ್ಕೋಪಿ, ಅಂದರೆ ಸಣ್ಣ ತೂತುಗಳಲ್ಲಿ ಕ್ಯಾಮರಾ ಬಿಟ್ಟು ಮಾಡುವ ಕೀಹೋಲ್ ಸರ್ಜರಿ, ಕಲಿಯುತ್ತಿರುವ ಡಾಕ್ಟರಿಗೂ ಅದೇ ಧೈರ್ಯ. ನನಗೆ ಮಾತ್ರ ಉಲ್ಟಾ. ದೊಡ್ಡದೊಂದೇ ಕಲ್ಲಿದ್ದ ದಿನ ನಿರಾಳವಾಗಿ ಕೈ ತೊಳೆಯುತ್ತೇನೆ. ಸಾಸಿವೆ ತುಂಬಿದ ಹಾಗಿರುವ ಪಿತ್ತಕೋಶ ಬಂದ ದಿನ, ಟ್ರಾಲಿಯ ಮೇಲೆ ಏನೇನಿದೆ ಅಂತ ಎರಡು ಸಲ ನೋಡುತ್ತೇನೆ.

ಕಾರಣ ಸರಳ. ಪಿತ್ತಕೋಶದಿಂದ ಹೊರಡುವ ಸಿಸ್ಟಿಕ್ ಡಕ್ಟ್ ಬಹಳ ಸಣ್ಣ ನಾಳ. ಅಗಲ ಸಾಮಾನ್ಯವಾಗಿ 2ರಿಂದ 4 ಮಿ.ಮೀ. ಒಳಗೆ ತಿರುಪಿನ ಹಾಗೆ ಸುತ್ತಿಕೊಂಡ ಮಡಿಕೆಗಳು ಬೇರೆ. ದೊಡ್ಡ ಕಲ್ಲು ಬಾಗಿಲಲ್ಲೇ ಕೂತು ನೋವು ಕೊಡುತ್ತದೆ, ಒಳಗೆ ಇಳಿಯುವುದಿಲ್ಲ. ಸಣ್ಣದು ಇಳಿಯುತ್ತದೆ. ಇಳಿದು ಮುಖ್ಯ ಪಿತ್ತನಾಳ ಸೇರುತ್ತದೆ. ನಾವು ಸಿಬಿಡಿ ಅನ್ನುವುದು ಇದನ್ನೇ. ಅದರ ಕೆಳತುದಿಯ ಹತ್ತಿರವೇ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ನಾಳವೂ ಬಂದು ಕೂಡುತ್ತದೆ. ಕಲ್ಲು ಅಲ್ಲಿ ಸಿಕ್ಕಿಕೊಂಡರೆ ಕಾಮಾಲೆ ಬರಬಹುದು, ಪಿತ್ತನಾಳಕ್ಕೆ ಸೋಂಕು ತಗಲಬಹುದು, ಪ್ಯಾಂಕ್ರಿಯಾಸ್ ಊದಿಕೊಳ್ಳಬಹುದು.

ಸರ್ಜರಿಯಲ್ಲಿ ನಾವು ಮಾಡುವುದಾದರೂ ಏನು? ಪಿತ್ತಕೋಶವನ್ನು ಹಿಡಿಯುತ್ತೇವೆ, ಎಳೆಯುತ್ತೇವೆ, ಒತ್ತುತ್ತೇವೆ. ಪ್ರತಿ ಎಳೆತಕ್ಕೂ ಒಳಗಿನ ಕಲ್ಲು ಒಂದಿಷ್ಟು ಜಾಗ ಬದಲಿಸುತ್ತದೆ. ಅದಕ್ಕೇ ನನ್ನ ಲೆಕ್ಕ ಒಂದೇ: ಕಲ್ಲು ಚೀಲದ, ಅಂದರೆ ಪಿತ್ತಕೋಶದ, ಕಡೆ ಬರಬೇಕು, ನಾಳದ ಕಡೆ ಹೋಗಬಾರದು. ಕೆಳಗಿನ ಹಂತಗಳೆಲ್ಲ ಈ ಲೆಕ್ಕದ ಮೇಲೇ ನಿಂತಿವೆ. ಇದು ಸೀನಿಯರ್ ಜೊತೆ ನಿಂತು ಕಲಿಯುತ್ತಿರುವವರಿಗಾಗಿ ಬರೆದದ್ದು. ಓದಿಕೊಂಡು ಒಬ್ಬರೇ ಹೊರಡಬೇಡಿ.

ಮೊದಲ ಹಂತ: ಆಗಲೇ ಜಾರಿದೆಯೇ ನೋಡಿ

ಕತ್ತಿ ಹಿಡಿಯುವ ಮುಂಚೆ ಗೊತ್ತಾಗಬೇಕಾದ್ದು ಇದು. ರೋಗಿಯನ್ನು ಕೂರಿಸಿಕೊಂಡು ಕೇಳಿ. ಮೂತ್ರ ಕಡು ಹಳದಿ ಆಗಿತ್ತಾ? ಮಲ ಬಿಳಿಚಿಕೊಂಡಿತ್ತಾ? ಚಳಿ ಜ್ವರ ಬಂದಿತ್ತಾ? ನೋವು ಬೆನ್ನಿಗೆ ಹೊಡೆದು, ವಾಂತಿಯಾಗಿ, ಎರಡು ದಿನ ಮಲಗಿದ್ದರಾ?

ಆಮೇಲೆ ಎಲ್‌ಎಫ್‌ಟಿ, ಅಂದರೆ ಲಿವರಿನ ರಕ್ತಪರೀಕ್ಷೆ. ಹಳೆಯದಲ್ಲ, ಹೊಸದು. ತಿಂಗಳ ಹಿಂದಿನ ರಿಪೋರ್ಟ್ ನಾರ್ಮಲ್ ಇತ್ತು ಅಂತ ಕಣ್ಣು ಮುಚ್ಚಿ ಹೋಗಬಾರದು. ನಡುವೆ ಒಂದು ಸಲ ಜೋರಾಗಿ ನೋವು ಬಂದಿದ್ದರೆ ಆ ರಿಪೋರ್ಟಿಗೆ ಬೆಲೆ ಇಲ್ಲ. ಸ್ಕ್ಯಾನಿಂಗಿನಲ್ಲಿ ಸಿಬಿಡಿಯ ಅಗಲ ನೋಡಿ. ಪಿತ್ತಕೋಶ ಇರುವವರಲ್ಲಿ 6 ಮಿ.ಮೀ. ದಾಟಿದ್ದರೆ ಅನುಮಾನ ಬರಬೇಕು. ಹೊಟ್ಟೆಯ ಅಲ್ಟ್ರಾಸೌಂಡ್ ಪಿತ್ತಕೋಶದ ಕಲ್ಲನ್ನು ಚೆನ್ನಾಗಿ ಹಿಡಿಯುತ್ತದೆ. ಸಿಬಿಡಿಯ ಕೆಳತುದಿಯ ಕಲ್ಲನ್ನು ಮಾತ್ರ ಎಷ್ಟೋ ಸಲ ಬಿಟ್ಟುಬಿಡುತ್ತದೆ. ಕರುಳಿನ ಗಾಳಿ ಅಡ್ಡ ಬರುತ್ತದೆ, ಅಲ್ವಾ?

ಅಮೆರಿಕದ ಎಂಡೋಸ್ಕೋಪಿ ಸಂಘಟನೆ ಎಎಸ್‌ಜಿಇ 2019ರಲ್ಲಿ ಕೊಟ್ಟ ವಿಂಗಡಣೆ ಇಲ್ಲಿ ಕೈಗೆ ಸುಲಭ. ಸ್ಕ್ಯಾನಿಂಗಿನಲ್ಲೇ ಸಿಬಿಡಿ ಕಲ್ಲು ಕಂಡಿದ್ದರೆ, ಪಿತ್ತನಾಳದ ಸೋಂಕು ಇದ್ದರೆ, ಅಥವಾ ರಕ್ತದಲ್ಲಿ ಬಿಲಿರುಬಿನ್ (ಕಾಮಾಲೆ ತರುವ ಹಳದಿ ಅಂಶ) 4ರ ಮೇಲಿದ್ದು ನಾಳವೂ ಹಿಗ್ಗಿದ್ದರೆ ನೇರ ಇಆರ್‌ಸಿಪಿ, ಅಂದರೆ ಬಾಯಿಂದ ಎಂಡೋಸ್ಕೋಪ್ ಇಳಿಸಿ ಪಿತ್ತನಾಳ ನೋಡಿ ಕಲ್ಲು ತೆಗೆಯುವುದು. ಎಲ್‌ಎಫ್‌ಟಿ ಏರುಪೇರು, ಹಿಗ್ಗಿದ ನಾಳ, 55 ದಾಟಿದ ವಯಸ್ಸು, ಇವುಗಳಲ್ಲಿ ಯಾವುದಾದರೂ ಇದ್ದರೆ ಎಂಆರ್‌ಸಿಪಿ (ಪಿತ್ತನಾಳದ ಎಂಆರ್‌ಐ ಸ್ಕ್ಯಾನ್) ಅಥವಾ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಮಾಡಿಸಿ, ಇಲ್ಲವೇ ಆಪರೇಷನ್ ನಡುವೆಯೇ ಕೊಲಾಂಜಿಯೋಗ್ರಾಮ್ (ಪಿತ್ತನಾಳಕ್ಕೆ ದ್ರವ ಬಿಟ್ಟು ತೆಗೆಯುವ ಎಕ್ಸ್‌ರೇ) ಮಾಡಿ ನೋಡಿ. ಏನೂ ಇಲ್ಲದಿದ್ದರೆ ಸೀದಾ ಸರ್ಜರಿ. ಅನುಮಾನಕ್ಕೆಲ್ಲ ಇಆರ್‌ಸಿಪಿ ಬರೆಯುವ ಅಭ್ಯಾಸ ನನಗೆ ಇಷ್ಟವಿಲ್ಲ. ಅದೇ ಪರೀಕ್ಷೆಯಿಂದ ನೂರರಲ್ಲಿ 3ರಿಂದ 10 ಜನರಿಗೆ ಪ್ಯಾಂಕ್ರಿಯಾಸ್ ಊದಿಕೊಳ್ಳುತ್ತದೆ.

ಕಲ್ಲಿನಿಂದ ಪ್ಯಾಂಕ್ರಿಯಾಸ್ ಸ್ವಲ್ಪ ಮಟ್ಟಿಗೆ ಊದಿಕೊಂಡು ಸುಧಾರಿಸಿಕೊಂಡವರನ್ನು ‘ಆರು ವಾರ ಬಿಟ್ಟು ಬನ್ನಿ’ ಅಂತ ಕಳಿಸಬೇಡಿ. ನೆದರ್ಲೆಂಡ್ಸ್‌ನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪೋಂಚೋ ಅಧ್ಯಯನದಲ್ಲಿ, ಕಾಯಿಸಿದವರ ಪೈಕಿ ನೂರಕ್ಕೆ 17 ಜನರಿಗೆ ಮತ್ತೆ ಕಲ್ಲಿನ ತೊಂದರೆ ಕಾಡಿತು. ಆಸ್ಪತ್ರೆಗೆ ದಾಖಲಾಗಿದ್ದಾಗಲೇ ಸರ್ಜರಿ ಮುಗಿಸಿದವರಲ್ಲಿ ಅದು ನೂರಕ್ಕೆ 5. ಸಣ್ಣ ಕಲ್ಲು ಕಾಯುವುದಿಲ್ಲ.

ಎರಡನೇ ಹಂತ: ಟ್ರಾಲಿ ಮತ್ತು ಟೇಬಲ್

ಸಣ್ಣ ಕಲ್ಲಿನ ಕೇಸಿಗೆ ಮಾಮೂಲಿ ಸೆಟ್ ಜೊತೆ ಇನ್ನೂ ನಾಲ್ಕು ಸಾಮಾನು ತೆಗೆದಿಡಿಸಿ: ತೆಗೆದ ಪಿತ್ತಕೋಶ ಹಾಕಿಕೊಳ್ಳುವ ಬ್ಯಾಗ್, 10 ಮಿ.ಮೀ. ಸಕ್ಷನ್ ಪೈಪ್, ಎಂಡೋಲೂಪ್ (ಬಿಗಿಯುವ ದಾರದ ಕುಣಿಕೆ), ಕೊಲಾಂಜಿಯೋಗ್ರಾಮ್ ಕ್ಯಾಥೆಟರ್. ಬೇಕಾದಾಗ ‘ತನ್ನಿ ತನ್ನಿ’ ಅಂತ ಕೂಗುತ್ತಾ ನಿಂತರೆ, ಅಷ್ಟರಲ್ಲಿ ಕಲ್ಲುಗಳು ಕರುಳಿನ ಸಂದಿಗೆ ಇಳಿದಿರುತ್ತವೆ. ಟೇಬಲ್ ಎಕ್ಸ್‌ರೇ ಹಾಯುವಂಥದ್ದಾಗಿರಲಿ. ಹೊಟ್ಟೆ ಉಬ್ಬಿಸುವ ಗ್ಯಾಸಿನ ಒತ್ತಡ 12ರಿಂದ 14 ಎಂಎಂ ಎಚ್‌ಜಿ ಸಾಕು. ತಲೆ ಕಡೆ ಮೇಲೆ, ಬಲ ಮಗ್ಗುಲು ಮೇಲೆ. ಕರುಳು ತಾನಾಗಿ ಪಕ್ಕಕ್ಕೆ ಸರಿಯುತ್ತದೆ.

ಮೂರನೇ ಹಂತ: ಹಿಡಿಯುವ ಕೈ

ಪಿತ್ತಕೋಶ ಬಿರುಸಾಗಿ ತುಂಬಿಕೊಂಡಿದ್ದರೆ ಗ್ರಾಸ್ಪರ್ (ಹಿಡಿಯುವ ಉದ್ದನೆಯ ಇಕ್ಕಳ) ಜಾರುತ್ತದೆ. ಜಾರಿದಾಗ ಗೋಡೆ ಹರಿಯುತ್ತದೆ. ಮೊದಲೇ ತುದಿಯಲ್ಲಿ ಸೂಜಿ ಚುಚ್ಚಿ ಪಿತ್ತ ಎಳೆದುಬಿಡಿ. ಸೂಜಿ ತೆಗೆದ ತೂತಿನ ಮೇಲೇ ಗ್ರಾಸ್ಪರ್ ಕೂರಿಸಿ, ಆಗ ಅದೇ ಮುಚ್ಚಳವೂ ಆಗುತ್ತದೆ. ಪಿತ್ತ ಖಾಲಿಯಾದ ಮೇಲೆ ಕಲ್ಲುಗಳು ತೇಲಾಡುವುದೂ ಕಡಿಮೆ.

ತುದಿಯನ್ನು ಲಿವರ್ ಮೇಲಿಂದ ಬಲ ಭುಜದ ಕಡೆ ಎತ್ತಿ ಹಿಡಿಯುವುದು ಅಸಿಸ್ಟೆಂಟ್ ಕೆಲಸ. ಕುತ್ತಿಗೆ ಭಾಗವನ್ನು ನಿಮ್ಮ ಎಡಗೈ ಹೊರಕ್ಕೆ, ಕೆಳಕ್ಕೆ ಎಳೆಯುತ್ತದೆ. ಇಲ್ಲೇ ಹೊಸಬರು ತಪ್ಪುವುದು. ಕುತ್ತಿಗೆಯನ್ನು ಕಚ್ಚಿ ಹಿಂಡುತ್ತಾರೆ. ಒಳಗಿದ್ದ ನಾಲ್ಕು ಕಲ್ಲು ಎಲ್ಲಿಗೆ ಹೋಗಬೇಕು? ಮುಂದಿರುವುದು ನಾಳ ಒಂದೇ. ಬಾಯಿ ಅಗಲ ತೆರೆದು ಗೋಡೆಯನ್ನಷ್ಟೇ ಹಿಡಿಯಿರಿ, ಒಂದು ಸಲ ಹಿಡಿದರೆ ಪದೇ ಪದೇ ಬದಲಿಸಬೇಡಿ.

ನಾಲ್ಕನೇ ಹಂತ: ಎರಡೇ ಎರಡು ಕಾಣುವ ತನಕ ಕ್ಲಿಪ್ ಇಲ್ಲ

ಕಲ್ಲಿನ ಗಾತ್ರ ಏನೇ ಇರಲಿ, ಈ ಹಂತದಲ್ಲಿ ರಿಯಾಯಿತಿ ಇಲ್ಲ. ಸರ್ಜನ್ ಸ್ಟ್ರಾಸ್‌ಬರ್ಗ್ 1995ರಲ್ಲಿ ಹೆಸರಿಟ್ಟ ‘ಕ್ರಿಟಿಕಲ್ ವ್ಯೂ ಆಫ್ ಸೇಫ್ಟಿ’ಗೆ, ಅಂದರೆ ಕತ್ತರಿಸುವ ಮುಂಚೆ ಸಿಗಲೇಬೇಕಾದ ನೋಟಕ್ಕೆ, ಮೂರು ಷರತ್ತು. ಕ್ಯಾಲೋ ತ್ರಿಕೋನದ (ಸಿಸ್ಟಿಕ್ ಡಕ್ಟ್, ಲಿವರ್ ನಾಳ, ಲಿವರ್ ಇವುಗಳ ನಡುವಿನ ಜಾಗದ) ಕೊಬ್ಬು, ನಾರು ಪೂರ್ತಿ ಬಿಡಿಸಿರಬೇಕು. ಪಿತ್ತಕೋಶದ ಕೆಳಗಿನ ಮೂರನೇ ಒಂದು ಭಾಗ ಲಿವರಿನಿಂದ ಬೇರೆಯಾಗಿರಬೇಕು. ಪಿತ್ತಕೋಶದೊಳಕ್ಕೆ ಎರಡೇ ಎರಡು ಎಳೆ ಹೋಗುವುದು ಕಾಣಬೇಕು, ಒಂದು ನಾಳ, ಒಂದು ರಕ್ತನಾಳ. ಮುಂದಿನಿಂದಲೂ ನೋಡಿ, ಕುತ್ತಿಗೆಯನ್ನು ಮಗುಚಿ ಹಿಂದಿನಿಂದಲೂ ನೋಡಿ.

ಲಿವರ್ ಮೇಲಿನ ‘ರೂವಿಯೇ’ ಅನ್ನುವ ಹೆಸರಿನ ಬಿರುಕನ್ನು ಮೊದಲು ಹುಡುಕಿಕೊಳ್ಳಿ. ಅಲ್ಲಿಂದ ನಾಲ್ಕನೇ ಸೆಗ್ಮೆಂಟಿನ ಬುಡಕ್ಕೆ ಮನಸ್ಸಿನಲ್ಲೇ ಗೆರೆ ಎಳೆದು, ಗೆರೆಯ ಮೇಲ್ಗಡೆಯೇ ಕೆಲಸ ಮಾಡಿ. ಹುಕ್ಕಿನಲ್ಲಿ ಒಂದೊಂದು ಎಳೆ ಎತ್ತಿ, ಅದರ ಹಿಂದೆ ಏನಿದೆ ಕಂಡ ಮೇಲೆ ಕರೆಂಟ್ ಕೊಡಿ. ಮೂರೂ ಷರತ್ತು ಮುಗಿದ ಮೇಲೆ ಅರ್ಧ ನಿಮಿಷ ಕೈ ನಿಲ್ಲಿಸಿ, ಸೀನಿಯರಿಗೆ ತೋರಿಸಿ, ಫೋಟೋ ತೆಗೆದಿಡಿ.

ಊತದಿಂದ ಎಲ್ಲವೂ ಒಂದಕ್ಕೊಂದು ಅಂಟಿ ಈ ನೋಟ ಸಿಗಲೇ ಇಲ್ಲ ಅನ್ನಿ. ಹಟ ಬೇಡ. ಪಿತ್ತಕೋಶದ ಒಂದು ಭಾಗ ಬಿಟ್ಟು ಮಿಕ್ಕಿದ್ದನ್ನು ತೆಗೆಯುವ ಸಬ್‌ಟೋಟಲ್ ಇದೆ, ಹೊಟ್ಟೆ ತೆರೆಯುವ ದಾರಿಯೂ ಇದೆ. ಸಬ್‌ಟೋಟಲ್ ಮಾಡುವಾಗ ಉಳಿಸಿದ ಮೋಟಿನಲ್ಲಿ ಒಂದು ಕಲ್ಲೂ ಇರಬಾರದು. ಕ್ಯಾಮರಾ ಹತ್ತಿರ ಒಯ್ದು ಒಳಗೆ ಇಣುಕಿ, ತೊಳೆದು, ಹೆಕ್ಕಿ ತೆಗೆಯಿರಿ. ಒಂದು ಉಳಿದರೂ ಅದೇ ನೋವು ಹೊತ್ತು ರೋಗಿ ವಾಪಸ್ ಬರುತ್ತಾರೆ.

ಐದನೇ ಹಂತ: ನಾಳವನ್ನು ಚೀಲದ ಕಡೆಗೆ ಸವರುವುದು

ಈ ಬರಹದ ಜೀವ ಇರುವುದು ಇಲ್ಲಿ.

ಲ್ಯಾಂಗೆನ್‌ಬುಕ್ 1882ರಲ್ಲಿ ಬರ್ಲಿನ್‌ನಲ್ಲಿ ಮೊದಲ ಸಲ ಪಿತ್ತಕೋಶ ತೆಗೆದರು. ಎರಿಕ್ ಮ್ಯೂಹೆ 1985ರಲ್ಲಿ ಜರ್ಮನಿಯಲ್ಲೇ ಅದನ್ನು ಲ್ಯಾಪರೋಸ್ಕೋಪಿನಲ್ಲಿ ತೆಗೆದರು. ನಡುವಿನ ನೂರು ವರ್ಷ ಸರ್ಜನ್‌ಗಳು ಹೆಬ್ಬೆರಳು, ತೋರುಬೆರಳ ನಡುವೆ ನಾಳವನ್ನು ಒತ್ತಿ ನೋಡಬಹುದಿತ್ತು. ಕಲ್ಲಿದ್ದರೆ ಬೆರಳಿಗೇ ತಗಲುತ್ತಿತ್ತು. ಕೀಹೋಲ್ ಬಂದ ಮೇಲೆ ಬೆರಳು ಹೊರಗೇ ಉಳಿಯಿತು. ಈಗ ಆ ಕೆಲಸ ಉದ್ದನೆಯ ಗ್ರಾಸ್ಪರಿನ ತುದಿಯದು. ಅದಕ್ಕೂ ಸ್ಪರ್ಶ ಇದೆ, ಕಲಿಯಬೇಕು ಅಷ್ಟೆ.

ಹೇಗೆ ಅಂದರೆ ಹೀಗೆ. ಮೊನೆ ಇಲ್ಲದ ಮೃದು ಗ್ರಾಸ್ಪರ್ ತೆಗೆದುಕೊಳ್ಳಿ. ಬಿಡಿಸಿದ ಸಿಸ್ಟಿಕ್ ಡಕ್ಟನ್ನು ಸಿಬಿಡಿ ಕಡೆಯ ತುದಿಯಲ್ಲಿ ಹಗುರವಾಗಿ ಹಿಡಿಯಿರಿ. ಸಿಬಿಡಿಯನ್ನೇ ಹುಡುಕಿಕೊಂಡು ಕೆಳಗೆ ಇಳಿಯಬೇಡಿ, ಬಿಡಿಸಿದಷ್ಟು ಉದ್ದ ಸಾಕು. ಬಾಯಿಯನ್ನು ಪೂರ್ತಿ ಮುಚ್ಚದೆ, ನಾಳ ಚಪ್ಪಟೆಯಾಗುವಷ್ಟು ಮಾತ್ರ ಒತ್ತಿ. ಹಾಗೇ ನಿಧಾನವಾಗಿ ಪಿತ್ತಕೋಶದ ಕಡೆ ಸವರಿಕೊಂಡು ಬನ್ನಿ. ಬಿಡಿ. ಮತ್ತೆ ಕೆಳಗಿನಿಂದ ಶುರು ಮಾಡಿ. ಮೂರ್ನಾಲ್ಕು ಸಲ. ಕಲ್ಲು ಇದ್ದರೆ ಗ್ರಾಸ್ಪರ್ ಸಣ್ಣದೊಂದು ಉಬ್ಬು ಹತ್ತಿ ಇಳಿದ ಹಾಗಾಗುತ್ತದೆ, ಒಮ್ಮೊಮ್ಮೆ ‘ಕರ್’ ಅನ್ನುವಂಥ ತರಿ ಕೈಗೆ ಬರುತ್ತದೆ. ಪರದೆಯ ಮೇಲೂ ಉಬ್ಬು ಮೇಲಕ್ಕೆ ಸರಿಯುವುದು ಕಾಣುತ್ತದೆ. ದಿಕ್ಕು ಮಾತ್ರ ಯಾವತ್ತೂ ಒಂದೇ, ಚೀಲದ ಕಡೆ. ಹಿಂದೆ ಮುಂದೆ ಉಜ್ಜಿದರೆ ನೀವೇ ಕಲ್ಲನ್ನು ಸಿಬಿಡಿಗೆ ಕಳಿಸಿದ ಹಾಗೆ.

ಸವರಿ ಮುಗಿಸಿದ ಕೂಡಲೇ ಪಿತ್ತಕೋಶದ ಕಡೆ ಒಂದು ಕ್ಲಿಪ್ ಹಾಕಿ. ಇದೇ ಮೊದಲ ಕ್ಲಿಪ್. ಬಾಗಿಲು ಮುಚ್ಚಿತು, ಇನ್ನು ಚೀಲದೊಳಗಿನದ್ದು ಈಚೆ ಬರುವಂತಿಲ್ಲ. ಆಮೇಲೆ ಆ ಕ್ಲಿಪ್ಪಿನ ಈಚೆ, ನಾಳದ ಮೇಲ್ಭಾಗದಲ್ಲಿ ಕತ್ತರಿಯಿಂದ ಅರ್ಧ ಸುತ್ತು ಮಾತ್ರ ಕತ್ತರಿಸಿ. ಇನ್ನೊಂದು ಸಲ ಕೆಳಗಿನಿಂದ ಸವರಿ. ಸಿಕ್ಕಿಕೊಂಡಿದ್ದ ಕಲ್ಲೋ, ಕೆಸರಿನಂಥ ಮಡ್ಡಿಯೋ ಆ ಸೀಳಿನಲ್ಲಿ ಹೊರಗೆ ಬರುತ್ತದೆ. ಅದರ ಹಿಂದೆ ತಿಳಿಯಾದ ಹೊಂಬಣ್ಣದ ಪಿತ್ತ ಸರಾಗವಾಗಿ ಹರಿದರೆ ಒಳ್ಳೆಯ ಲಕ್ಷಣ. ಪಿತ್ತವೇ ಬರಲಿಲ್ಲ ಅಂದರೆ ಇನ್ನೂ ಏನೋ ಕೂತಿದೆ ಅಂತ ಅನುಮಾನಿಸಿ.

ಸರ್ಜರಿ ಕಲಿಯುವ ದಿನಗಳಲ್ಲಿ ನಾನು ಈ ಸವರುವ ಕೆಲಸ ಬಿಟ್ಟು ಸೀದಾ ಕ್ಲಿಪ್ ಹಾಕಿದ್ದೆ. ಕ್ಲಿಪ್ ಒತ್ತುವಾಗ ಕೈಗೆ ಪುಟ್ಟದೊಂದು ‘ಟಕ್’ ತಗಲಿತು. ಚೆನ್ನಾಗಿ ಕೂತಿತು ಅಂದುಕೊಂಡೆ. ನಿಜಕ್ಕೂ ಅದು ಒಳಗಿದ್ದ ಕಲ್ಲು ಪುಡಿಯಾದ ಸದ್ದು. ಕಲ್ಲಿನ ಮೇಲೆ ಕೂತ ಕ್ಲಿಪ್ ಬಿಗಿಯಾಗುವುದಿಲ್ಲ. ಮೂರನೇ ದಿನ ರೋಗಿಗೆ ಹೊಟ್ಟೆ ನೋವು, ಹೊಟ್ಟೆಗೆ ಹಾಕಿದ್ದ ಡ್ರೈನ್ ಪೈಪಿನಲ್ಲಿ ಪಿತ್ತ. ಇಆರ್‌ಸಿಪಿ ಮಾಡಿ ಸ್ಟೆಂಟ್ ಹಾಕಿಸಿದೆವು, ವಾಸಿಯಾದರು. ಇವತ್ತಿಗೂ ಕ್ಲಿಪ್ ಒತ್ತುವಾಗ ಆ ‘ಟಕ್’ ಬಂತೇ ಅಂತ ಕೈ ಕಾಯುತ್ತಿರುತ್ತದೆ.

ಉಳಿಯುವ ಕಡೆಗೆ ಎರಡು ಕ್ಲಿಪ್. ಕ್ಲಿಪ್ಪಿನ ಎರಡೂ ತುದಿ ನಾಳದ ಆಚೆ ಕಾಣಬೇಕು. ಕಲ್ಲು ಓಡಾಡಿದ ನಾಳ ಹಿಗ್ಗಿರುವುದು ಸಾಮಾನ್ಯ. ಅಗಲ ಜಾಸ್ತಿ ಇದ್ದರೆ ಲೋಹದ ಕ್ಲಿಪ್ಪನ್ನು ಒತ್ತಾಯದಿಂದ ಕೂರಿಸಬೇಡಿ, ಎಂಡೋಲೂಪ್ ಹಾಕಿ ಬಿಗಿಯಿರಿ. ಆದರೆ ಅದಕ್ಕೂ ಮುಂಚೆ ಒಂದು ಪ್ರಶ್ನೆ: ಅಷ್ಟು ಅಗಲದ್ದು ನಿಜಕ್ಕೂ ಸಿಸ್ಟಿಕ್ ಡಕ್ಟೇನಾ, ಇಲ್ಲ ಸಿಬಿಡಿಯೇ ಕೈಗೆ ಬಂದಿದೆಯಾ?

ಆರನೇ ಹಂತ: ಅನುಮಾನವಿದ್ದರೆ ಕೊಲಾಂಜಿಯೋಗ್ರಾಮ್

ಅರ್ಧ ಕತ್ತರಿಸಿದ ಸೀಳಿನಲ್ಲೇ ಕ್ಯಾಥೆಟರ್ ತೂರಿಸಬಹುದು. ಮೊದಲು ಸಲೈನ್ ಬಿಟ್ಟು ಕ್ಯಾಥೆಟರಿನ ಗಾಳಿಯನ್ನೆಲ್ಲ ಓಡಿಸಿ. ಇಲ್ಲದಿದ್ದರೆ ಗುಳ್ಳೆಯನ್ನು ಕಲ್ಲು ಅಂದುಕೊಂಡು ಒಂದು ಗಂಟೆ ಕಳೆಯುತ್ತೀರಿ. ಕಾಂಟ್ರಾಸ್ಟನ್ನು (ಎಕ್ಸ್‌ರೇಯಲ್ಲಿ ಕಾಣುವ ದ್ರವ) ಸಲೈನ್ ಜೊತೆ ಅರ್ಧಕ್ಕರ್ಧ ಬೆರೆಸಿ. ತೀರಾ ಗಟ್ಟಿಯಾದರೆ ಸಣ್ಣ ಕಲ್ಲು ಅದರೊಳಗೇ ಮುಳುಗಿ ಕಾಣುವುದಿಲ್ಲ. ನಿಧಾನವಾಗಿ ತಳ್ಳಿ. ಜೋರಾಗಿ ತಳ್ಳಿದರೆ ಸಿಸ್ಟಿಕ್ ಡಕ್ಟಿನಲ್ಲಿದ್ದದ್ದೂ ಕೆಳಗೆ ಇಳಿಯುತ್ತದೆ.

ಚಿತ್ರದಲ್ಲಿ ಎಡ, ಬಲ ಎರಡೂ ಕಡೆಯ ಲಿವರ್ ನಾಳ ತುಂಬಬೇಕು, ಕಾಂಟ್ರಾಸ್ಟ್ ಸಣ್ಣ ಕರುಳಿಗೆ ಇಳಿಯಬೇಕು, ನಡುವೆ ಎಲ್ಲೂ ಖಾಲಿ ಚುಕ್ಕೆ ಇರಬಾರದು. ಚುಕ್ಕೆ ಕಂಡಿತು, ಗುಳ್ಳೆಯೋ ಕಲ್ಲೋ? ಟೇಬಲಿನ ತಲೆ ಕಡೆ ಎತ್ತಿ. ಗುಳ್ಳೆ ದುಂಡಗಿರುತ್ತದೆ, ಮೇಲಕ್ಕೆ ತೇಲುತ್ತದೆ. ಕಲ್ಲಿನ ಅಂಚು ಒರಟು, ಅದು ಕೆಳಗೆ ಕೂರುತ್ತದೆ.

ಕಲ್ಲೇ ಅಂತ ಆದರೆ ಗಾಬರಿ ಬೇಡ. 2-3 ಮಿ.ಮೀ. ಒಳಗಿನದ್ದಾದರೆ ಅನಸ್ತೇಷಿಯಾದವರಿಗೆ ಹೇಳಿ 1 ಮಿಲಿಗ್ರಾಂ ಗ್ಲೂಕಗಾನ್ ಕೊಡಿಸಿ. ನಾಳದ ಕೆಳಬಾಯಿ ಸಡಿಲವಾಗುತ್ತದೆ. ಆಮೇಲೆ ಕ್ಯಾಥೆಟರಿನಲ್ಲಿ ಸಲೈನ್ ಹಾಯಿಸಿ. ಎಷ್ಟೋ ಸಲ ಮುಂದಿನ ಚಿತ್ರದಲ್ಲಿ ಚುಕ್ಕೆ ಇರುವುದೇ ಇಲ್ಲ. ಹೋಗದಿದ್ದರೆ, ಅನುಭವ ಇದ್ದವರು ಸಿಸ್ಟಿಕ್ ಡಕ್ಟ್ ಮೂಲಕವೇ ಬಾಸ್ಕೆಟ್ (ಪುಟ್ಟ ತಂತಿ ಬುಟ್ಟಿ) ಬಿಟ್ಟು ಹಿಡಿಯುತ್ತಾರೆ. ಕಲ್ಲು 6 ಮಿ.ಮೀ. ಒಳಗಿದ್ದು, ಕೆಲವೇ ಇದ್ದು, ನಾಳಗಳು ಕೂಡುವ ಜಾಗದಿಂದ ಕೆಳಗಿದ್ದರೆ ಈ ದಾರಿ ಚೆನ್ನ. ಸಣ್ಣ ಸಿಬಿಡಿಯನ್ನು ಕುಯ್ದು ಕಲ್ಲು ತೆಗೆಯಲು ಹೋಗಬೇಡಿ, ಹೊಲಿದ ಜಾಗ ಆಮೇಲೆ ಕಿರಿದಾಗುತ್ತದೆ. ಸಲಕರಣೆ ಇಲ್ಲ, ಕೈ ಪಳಗಿಲ್ಲ ಅಂದರೆ ಸಿಸ್ಟಿಕ್ ಡಕ್ಟಿಗೆ ಕ್ಲಿಪ್ ಜೊತೆ ಎಂಡೋಲೂಪ್ ಕೂಡ ಬಿಗಿದು, ಸರ್ಜರಿ ಮುಗಿಸಿ, ನಂತರ ಇಆರ್‌ಸಿಪಿಗೆ ಕಳಿಸಿ. ಅದರಲ್ಲಿ ನಾಚಿಕೆ ಏನಿಲ್ಲ.

‘ಅಷ್ಟು ಸಣ್ಣದು, ತಾನೇ ಹೋಗುತ್ತದೆ ಬಿಡಿ’ ಅನ್ನುವವರೂ ಇದ್ದಾರೆ. ಕೆಲವು ಹೋಗುತ್ತವೆ, ನಿಜ. ಸ್ವೀಡನ್‌ನ ರಾಷ್ಟ್ರೀಯ ದಾಖಲೆಗಳನ್ನು ನೋಡಿ 2014ರಲ್ಲಿ ಬಂದ ವರದಿಯಲ್ಲಿ, ಕಂಡ ಕಲ್ಲನ್ನು ಹಾಗೇ ಬಿಟ್ಟವರ ಪೈಕಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ತೊಂದರೆ ಆಗಿತ್ತು. ತೆಗೆಯಲು ಪ್ರಯತ್ನಿಸಿದವರಲ್ಲಿ ಅದು ಎಂಟರಲ್ಲಿ ಒಬ್ಬರಿಗೆ. ಕಂಡ ಮೇಲೆ ಸುಮ್ನೆ ಬಿಡಬೇಡಿ.

ಏಳನೇ ಹಂತ: ಲಿವರಿನಿಂದ ಬಿಡಿಸುವಾಗ ಚೆಲ್ಲಿದರೆ

ಕ್ಲಿಪ್ ಹಾಕಿ ಕತ್ತರಿಸಿದ ಮೇಲೆ ಎಲ್ಲರ ಗಮನವೂ ಸಡಿಲ. ಪಿತ್ತಕೋಶ ತೂತಾಗುವುದು ಆಗಲೇ. ಗೋಡೆ ತೆಳ್ಳಗಿದ್ದ ಕಡೆ ಹುಕ್ ಆಳಕ್ಕೆ ಹೋದರೆ ಸಾಕು, ಪಿತ್ತದ ಜೊತೆ ಕಲ್ಲುಗಳು ಸಾಲಾಗಿ ಉದುರುತ್ತವೆ. ದೊಡ್ಡದಾದರೆ ಒಂದು ಹೆಕ್ಕಿದರೆ ಮುಗಿಯಿತು. ಇವು ನಲವತ್ತಿರಬಹುದು.

ತೂತು ಕಂಡ ಕ್ಷಣ ಬಿಡಿಸುವ ಕೆಲಸ ನಿಲ್ಲಿಸಿ. ತೂತಿನ ಮೇಲೆ ಗ್ರಾಸ್ಪರ್ ಹಿಡಿಯಿರಿ. ಸಾಲದಿದ್ದರೆ ಕ್ಲಿಪ್ ಅಥವಾ ಎಂಡೋಲೂಪ್ ಹಾಕಿ. ಕೆಳಗೆ ಗಾಜ್ ಹಾಸಿ, ಬ್ಯಾಗನ್ನು ಆಗಲೇ ಒಳಗೆ ಬಿಟ್ಟು ಬಾಯಿ ತೆರೆದಿಡಿ. ಹೊಸಬರು ಇಲ್ಲಿ ಮಾಡುವ ತಪ್ಪು, ಸಲೈನನ್ನು ಪಿಚಕಾರಿ ಥರ ಹೊಡೆಯುವುದು. ಒಂದೇ ಕಡೆ ಗುಡ್ಡೆಯಾಗಿದ್ದ ಕಲ್ಲುಗಳು ಕರುಳಿನ ನಡುವೆ, ಲಿವರಿನ ಮೇಲೆ ಚದುರಿಹೋಗುತ್ತವೆ. ಮೊದಲು ಒಣಗಿದ್ದಾಗಲೇ 10 ಮಿ.ಮೀ. ಸಕ್ಷನ್ನಿನಲ್ಲಿ ಎಳೆಯಿರಿ. ಮಾಮೂಲಿ 5 ಮಿ.ಮೀ. ಪೈಪಿನಲ್ಲಿ ಕಲ್ಲು ಕಚ್ಚಿಕೊಳ್ಳುತ್ತದೆ. ದೊಡ್ಡ ಚೂರನ್ನು ಗ್ರಾಸ್ಪರಿನಲ್ಲಿ ಹೆಕ್ಕಿ ಬ್ಯಾಗಿಗೆ ಹಾಕಿ. ಕೊನೆಗೆ ಸಲೈನನ್ನು ಮೆಲ್ಲಗೆ ಸುರಿದು, ಲಿವರ್ ಕೆಳಗಿನ ಗುಂಡಿಯಲ್ಲಿ ನಿಲ್ಲಿಸಿ, ಅಲ್ಲಿಂದ ಹೀರಿ. ನೀರು ತಿಳಿಯಾಗುವ ತನಕ. ಗಾಜ್ ಎಷ್ಟು ಹೋಯಿತು, ಎಷ್ಟು ಬಂತು, ಎಣಿಸಿ.

ಒಂದೆರಡು ಕಲ್ಲು ಸಿಗಲೇ ಇಲ್ಲ ಅಂತ ಹೊಟ್ಟೆ ತೆರೆಯಬೇಕಿಲ್ಲ. ಬಿಟ್ಟುಹೋದ ಕಲ್ಲಿನಿಂದ ಕೀವು ಕಟ್ಟುವುದು ಅಪರೂಪ. ಆದರೆ ಆಗುತ್ತದೆ, ಕೆಲವರಲ್ಲಿ ವರ್ಷಗಳ ನಂತರವೂ. ಕಪ್ಪು-ಕಂದು ಬಣ್ಣದ ಪಿಗ್ಮೆಂಟ್ ಕಲ್ಲು, ಸೋಂಕಿದ್ದ ಪಿತ್ತ, ಜಾಸ್ತಿ ಸಂಖ್ಯೆ, ಇವಿದ್ದರೆ ಅಪಾಯ ಹೆಚ್ಚು. ಹಾಗಾಗಿ ಹುಡುಕುವಷ್ಟು ಹುಡುಕಿ.

ಎಂಟನೇ ಹಂತ: ಹೊರಗೆ ತೆಗೆಯುವುದು

ಸಣ್ಣ ಕಲ್ಲಿನ ಕೇಸಿನಲ್ಲಿ ಬ್ಯಾಗ್ ಇಲ್ಲದೆ ಪಿತ್ತಕೋಶ ಎಳೆಯಬೇಡಿ. ಪೋರ್ಟಿನ (ಸಲಕರಣೆ ತೂರಿಸುವ ತೂತಿನ) ಬಾಯಲ್ಲಿ ಹರಿದರೆ ಕಲ್ಲುಗಳು ಹೊಟ್ಟೆಯ ಗೋಡೆಯಲ್ಲೇ ಹೂತುಕೊಂಡು, ಆ ಗಾಯ ಸೋರುತ್ತಲೇ ಇರುತ್ತದೆ. ಬ್ಯಾಗಿನ ಬಾಯನ್ನು ಹೊರಗೆ ತಂದು, ತೆರೆದು, ಪಿತ್ತ ಹೀರಿ, ಕಲ್ಲುಗಳನ್ನು ಸ್ಪಂಜ್ ಫೋರ್ಸೆಪ್ಸಿನಲ್ಲಿ ಖಾಲಿ ಮಾಡಿ. ಆಮೇಲೂ ಬಿಗಿ ಅನಿಸಿದರೆ ಎಳೆಯುವ ಬದಲು ಪೋರ್ಟನ್ನು ಅರ್ಧ ಸೆಂಟಿಮೀಟರ್ ಹಿಗ್ಗಿಸಿ. 10 ಮಿ.ಮೀ. ಪೋರ್ಟಿನ ಒಳಪದರಕ್ಕೆ ಹೊಲಿಗೆ ಮರೆಯಬೇಡಿ.

ಮುಗಿದ ಮೇಲೆ

ಪಿತ್ತಕೋಶವನ್ನು ಟ್ರಾಲಿಯ ಮೇಲೇ ಬಿಡಿಸಿ ನೋಡಿ. ಒಳಗೋಡೆಯಲ್ಲಿ ಗಂಟು, ದಪ್ಪ ಇದೆಯಾ ಅಂತ ಬೆರಳಾಡಿಸಿ, ಪೆಥಾಲಜಿಗೆ ಕಳಿಸಿ. ಕಲ್ಲಿಗೆಂದು ತೆಗೆದ ಪಿತ್ತಕೋಶದಲ್ಲಿ ಆಗೊಮ್ಮೆ ಈಗೊಮ್ಮೆ ಕ್ಯಾನ್ಸರ್ ಸಿಗುವುದುಂಟು. ಸಿಸ್ಟಿಕ್ ಡಕ್ಟಿನ ಕತ್ತರಿಸಿದ ಬಾಯನ್ನೂ ನೋಡಿ, ಅಲ್ಲಿ ಕಲ್ಲು ಇಣುಕುತ್ತಿದ್ದರೆ ಅದರ ಜೊತೆಯವು ಆ ಕಡೆ ಇಳಿದಿರಬಹುದು.

ಆಪರೇಷನ್ ನೋಟಿನಲ್ಲಿ ‘ಕಲ್ಲು ಚೆಲ್ಲಿತ್ತು, ಸುಮಾರು ಇಷ್ಟು, ಬಹುಪಾಲು ತೆಗೆಯಲಾಗಿದೆ’ ಅಂತ ಬಿಡಿಸಿ ಬರೆಯಿರಿ. ಡಿಸ್ಚಾರ್ಜ್ ಕಾರ್ಡಿನಲ್ಲೂ ಅದೇ ಸಾಲು ಇರಲಿ. ರೋಗಿಗೂ ಬಾಯಿಬಿಟ್ಟು ಹೇಳಿ. ಮೂರು ವರ್ಷದ ನಂತರ ಪಕ್ಕೆಯಲ್ಲಿ ಗಂಟು ಬಂದು ಅವರು ಬೇರೆ ಡಾಕ್ಟರ ಹತ್ತಿರ ಹೋದರೆ, ಆ ಒಂದು ಸಾಲಿನಿಂದ ಅವರಿಗೆ ಎಷ್ಟೋ ಪರೀಕ್ಷೆ ತಪ್ಪುತ್ತದೆ.

ಮನೆಗೆ ಹೋಗುವವರಿಗೆ ನಾನು ಹೇಳುವುದು ಇಷ್ಟು. ಭುಜದ ನೋವು ಗ್ಯಾಸಿನದು, ಎರಡು-ಮೂರು ದಿನಕ್ಕೆ ಹೋಗುತ್ತದೆ. ಹೊಟ್ಟೆ ನೋವು ದಿನೇ ದಿನೇ ಜಾಸ್ತಿಯಾದರೆ, ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಚಳಿ ಜ್ವರ ಬಂದರೆ, ಹೊಲಿಗೆ ಬಿಚ್ಚುವ ದಿನದ ತನಕ ಕಾಯಬೇಡಿ. ಅವತ್ತೇ ಬನ್ನಿ, ರಾತ್ರಿಯಾದರೂ ಸರಿ. ‘ಪಿತ್ತಕೋಶವೇ ಇಲ್ಲವಲ್ಲ, ಇನ್ನೆಲ್ಲಿಯ ಕಲ್ಲು’ ಅಂತ ತುಂಬಾ ಜನ ಕೇಳುತ್ತಾರೆ. ಆಗ ಕಾಗದದ ಮೇಲೆ ನಾಳದ ಚಿತ್ರ ಬರೆದು, ಸಿಬಿಡಿಯ ಕೆಳತುದಿಗೆ ಒಂದು ಚುಕ್ಕೆ ಇಟ್ಟು ತೋರಿಸುತ್ತೇನೆ.